ಬಾಲ ಆಡಿಸುತ್ತಲೇ ಇದ್ದ ನಾಯಿ ಕಚ್ಚಲು ಬಂದದ್ದು ಯಾಕೆ?

ಮನೆಗೆ ಬಂದ ನೆಂಟರನ್ನು ನೋಡಿ ನಿಮ್ಮ ನಾಯಿ ಬಾಲ ಆಡಿಸುತ್ತಿತ್ತು, ಅವರು ತಲೆ ಸವರಲು ಬಗ್ಗಿದ ಕೂಡಲೇ ಕೈಗೆ ಬಾಯಿ ಹಾಕಿತು, ಖುಷಿಯಲ್ಲಿದ್ದ ನಾಯಿ ಹೀಗೇಕೆ ಮಾಡಿತು ಅಂತ ಕೇಳಿದ್ದೀರಿ. ಮೊದಲು ಒಂದು ಮಾತು: ಹಲ್ಲು ತಾಗಿ ಚರ್ಮ ಸ್ವಲ್ಪ ತರಚಿದ್ದರೂ ಆ ಜಾಗವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಅವರು ಡಾಕ್ಟರನ್ನು ಕಾಣಲೇಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಾಲ ಆಡಿಸಿದರೆ ಖುಷಿ ಅಂತಲೇ ನಾವೆಲ್ಲ ಚಿಕ್ಕಂದಿನಿಂದ ನಂಬಿಕೊಂಡು ಬಂದಿದ್ದೇವೆ, ಅಲ್ವಾ? ಅದು ಅರ್ಧ ಮಾತ್ರ ನಿಜ. ಬಾಲ ಆಡುತ್ತಿದೆ ಅಂದರೆ ನಾಯಿಯ ಮನಸ್ಸಿನಲ್ಲಿ ಏನೋ ನಡೆಯುತ್ತಿದೆ ಅಂತ. ಅದು ಸಂತೋಷವೋ, ಹೆದರಿಕೆಯೋ, ಸಿಟ್ಟೋ ಅನ್ನುವುದನ್ನು ಉಳಿದ ಮೈ ಹೇಳುತ್ತದೆ.

ನಾನು ಇದನ್ನು ಕಲಿತದ್ದು ನನ್ನ ಮೊದಲ ನಾಯಿಯಿಂದ. ಅಕ್ಕನ ಮಗ, ಐದು ವರ್ಷದವನು, ಪ್ರೀತಿಯಿಂದ ಅದರ ಕುತ್ತಿಗೆ ತಬ್ಬಿಕೊಂಡಿದ್ದ. ಬಾಲ ಆಡುತ್ತಲೇ ಇತ್ತು. ನಾನು ಫೋಟೋ ತೆಗೆಯುತ್ತಾ ನಿಂತಿದ್ದೆ. ಇದ್ದಕ್ಕಿದ್ದಂತೆ ಗುರ್ ಅಂದು ಅವನ ಕೆನ್ನೆಯ ಪಕ್ಕದಲ್ಲೇ ಕಟ್ ಅಂತ ಹಲ್ಲು ಕಚ್ಚಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ರಾತ್ರಿ ಆ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಮೊದಲನೆಯದರಲ್ಲಿ ಬಾಯಿ ತೆರೆದು ನಾಲಿಗೆ ಹೊರಗೆ ಬಿಟ್ಟುಕೊಂಡಿದೆ. ಎರಡನೆಯದರಲ್ಲಿ ಬಾಯಿ ಮುಚ್ಚಿದೆ, ಕಿವಿ ಹಿಂದಕ್ಕೆ ಹೋಗಿದೆ. ಮೂರನೆಯದರಲ್ಲಿ ನಾಲಿಗೆ ಮೂಗಿನ ಮೇಲಿದೆ. ನಾಲ್ಕನೆಯದರಲ್ಲಿ ಮುಖ ಆ ಕಡೆ ತಿರುಗಿದೆ, ಕಣ್ಣು ಮಾತ್ರ ಹುಡುಗನ ಮೇಲೆ. ಕಣ್ಣಂಚಿನ ಬಿಳಿ ಬಾಲಚಂದ್ರನ ಹಾಗೆ ಕಾಣುತ್ತಿದೆ. ಪಾಪ, ಅದು ಮತ್ತೆ ಮತ್ತೆ ಬೇಡ ಅಂದಿತ್ತು. ನಾನು ಬಾಲ ಒಂದನ್ನೇ ನೋಡುತ್ತಿದ್ದೆ.

ಹಾಗಂತ ಬಾಲವನ್ನು ನೋಡಬಾರದು ಅಂತಲ್ಲ. ನೋಡುವ ಮೊದಲು ನಿಮ್ಮ ನಾಯಿಯ ಬಾಲ ಸುಮ್ನೆ ಇರುವಾಗ ಎಲ್ಲಿರುತ್ತದೆ ಅಂತ ತಿಳಿದಿರಬೇಕು. ಪಗ್‌ನ ಬಾಲ ಹುಟ್ಟಾ ಸುರುಳಿ. ಬೀಗಲ್ ಅದನ್ನು ಮೇಲೆತ್ತಿಯೇ ಓಡಾಡುತ್ತದೆ. ಗ್ರೇಹೌಂಡ್ ಆರಾಮಾಗಿದ್ದರೂ ಬಾಲ ಇಳಿಬಿಟ್ಟುಕೊಂಡೇ ಇರುತ್ತದೆ, ಅದನ್ನು ಕಂಡು ಹೆದರಿದೆ ಅಂದುಕೊಂಡರೆ ತಪ್ಪಾಗುತ್ತದೆ. ಆ ಮಾಮೂಲಿ ಜಾಗದಿಂದ ಬಾಲ ಎಷ್ಟು ಮೇಲೆ ಹೋಯಿತು, ಎಷ್ಟು ಕೆಳಗೆ ಬಂತು ಅನ್ನುವುದೇ ಲೆಕ್ಕ. ಕೆಳಗಿಳಿದು ಸಣ್ಣಗೆ ಆಡಿದರೆ 'ನನಗೇನೂ ಮಾಡಬೇಡ' ಅಂತ ಬೇಡಿಕೊಳ್ಳುವ ಹಾಗೆ. ಹಿಂಗಾಲಿನ ಸಂದಿಗೆ ಸೇರಿಬಿಟ್ಟರೆ ಗಟ್ಟಿ ಹೆದರಿಕೆ.

ಜನ ಜಾಸ್ತಿ ಮೋಸಹೋಗುವುದು ಎತ್ತರದ ಬಾಲದಲ್ಲಿ. ಬಾಲ ಕೋಲಿನ ಹಾಗೆ ನೆಟ್ಟಗೆ ನಿಂತು, ತುದಿ ಮಾತ್ರ ಪಟಪಟ ನಡುಗುತ್ತಿದ್ದರೆ ದಯವಿಟ್ಟು ಕೈ ಚಾಚಬೇಡಿ. ಅಂಥ ನಾಯಿ ಮೈಭಾರವನ್ನು ಮುಂಗಾಲಿನ ಮೇಲೆ ಹಾಕಿರುತ್ತದೆ, ಬಾಯಿ ಬಿಗಿದಿರುತ್ತದೆ, ದೃಷ್ಟಿ ಕದಲಿಸುವುದಿಲ್ಲ. ನಿಜವಾದ ಖುಷಿ ಸಡಿಲವಾಗಿರುತ್ತದೆ. ಬಾಲದ ಜೊತೆ ಸೊಂಟವೂ ಆ ಕಡೆ ಈ ಕಡೆ ತೂಗುತ್ತದೆ, ಬೆನ್ನು ಬಳುಕುತ್ತದೆ, ಕಣ್ಣು ಮೆತ್ತಗಿರುತ್ತದೆ. ಕೆಲವು ನಾಯಿಗಳಂತೂ ಫ್ಯಾನಿನ ಹಾಗೆ ಬಾಲ ತಿರುಗಿಸುತ್ತವೆ! ಸಡಿಲವೋ ಸೆಟೆದಿದೆಯೋ ಅನ್ನುವುದೊಂದನ್ನು ಗುರುತಿಸಲು ಕಲಿತರೂ ನಿಮಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಹೇಳುತ್ತೇನೆ. ಇಟಲಿಯ ಸಂಶೋಧಕರು 30 ನಾಯಿಗಳ ಬಾಲ ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಜಮಾನ ಕಂಡಾಗ ಬಾಲ ನಾಯಿಯ ಬಲಗಡೆಗೆ ಹೆಚ್ಚು ವಾಲುತ್ತಿತ್ತು, ಗುರುತಿಲ್ಲದ ಜೋರಿನ ನಾಯಿ ಕಂಡಾಗ ಎಡಗಡೆಗೆ. 2013ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಎಡಕ್ಕೆ ಬಾಲ ಆಡಿಸುವ ನಾಯಿಯ ವಿಡಿಯೋ ತೋರಿಸಿದಾಗ ನೋಡುವ ನಾಯಿಗಳ ಎದೆಬಡಿತವೇ ಏರಿತು. ನಮ್ಮ ಕಣ್ಣಿಗೆ ಇದು ಸುಲಭವಾಗಿ ಸಿಗುವುದಿಲ್ಲ, ನಾಯಿಗೆ ನಾಯಿಯ ಭಾಷೆ ಗೊತ್ತಾಗುತ್ತದೆ ನೋಡಿ.

ನಿದ್ದೆ ಇಲ್ಲದೆ ಆಕಳಿಸುವುದು, ಊಟದ ಹೊತ್ತಲ್ಲದಿದ್ದರೂ ಮೂತಿ ನೆಕ್ಕಿಕೊಳ್ಳುವುದು, ನೀರಿಲ್ಲದೆ ಮೈ ಕೊಡವುವುದು, ಇವೆಲ್ಲ ಕಸಿವಿಸಿಯ ಗುರುತು. ಬೆನ್ನ ಮೇಲಿನ ಕೂದಲು ನಿಮಿರುವುದು ನಮಗೆ ಮೈ ಜುಮ್ ಅಂದ ಹಾಗೆ, ಅದು ನಾಯಿಯ ಹಿಡಿತದಲ್ಲಿಲ್ಲ. ಆಟದ ಹುರುಪಿನಲ್ಲೂ ಏಳಬಹುದು. ಮುಂಗಾಲು ಚಾಚಿ, ಎದೆ ನೆಲಕ್ಕೆ ತಂದು, ಹಿಂಭಾಗ ಎತ್ತಿ ನಿಂತರೆ ಆಟಕ್ಕೆ ಕರೆಯುತ್ತಿದೆ ಅಂತ. ಎಲ್ಲಕ್ಕಿಂತ ಹೆದರಬೇಕಾದದ್ದು ಕಲ್ಲಿನಂತೆ ಸ್ತಬ್ಧವಾಗುವುದಕ್ಕೆ. ಆ ಒಂದೆರಡು ಸೆಕೆಂಡು ಉಸಿರೂ ಬಿಗಿ ಹಿಡಿದ ಹಾಗಿರುತ್ತದೆ, ಅದರ ಮುಂದಿನದು ಹಲ್ಲು.

ನಿಮ್ಮ ನೆಂಟರ ವಿಷಯದಲ್ಲಿ ನನ್ನ ಊಹೆ ಇಷ್ಟು. ಅಪರಿಚಿತರು ಎದುರಿಗೆ ನಿಂತು, ಮೇಲಿನಿಂದ ಬಗ್ಗಿ, ತಲೆಗೆ ಕೈ ಹಾಕಿದ್ದಾರೆ. ನಾಯಿಗೆ ಅದು ಮೈಮೇಲೆ ಬಿದ್ದ ಹಾಗೆ. ಇನ್ನು ಮೇಲೆ ಬಂದವರಿಗೆ ಸುಮ್ನೆ ಪಕ್ಕಕ್ಕೆ ತಿರುಗಿ ಕೂರಲು ಹೇಳಿ. ಅದೇ ಹತ್ತಿರ ಬಂದು ಮೂಸಲಿ. ಬಂದರೆ ಕತ್ತಿನ ಬದಿ ಅಥವಾ ಎದೆಯನ್ನು ಮೂರು ಸೆಕೆಂಡು ಸವರಿ ಕೈ ತೆಗೆಯಲಿ. ಇನ್ನೂ ಬೇಕಿದ್ದರೆ ಅದೇ ಒರಗಿಕೊಂಡು ಬರುತ್ತದೆ, ಬೇಡವಾದರೆ ಹೊರಟುಹೋಗುತ್ತದೆ. ಹೋಗಲು ದಾರಿ ಇರಬೇಕು, ಮೂಲೆಯಲ್ಲಿ ಸಿಕ್ಕಿಸಬೇಡಿ. ಗುರ್ ಅಂದದ್ದಕ್ಕೆ ಗದರಬೇಡಿ, ಹೊಡೆಯಲಂತೂ ಬೇಡಿ. ಗುರ್ ಅನ್ನುವುದನ್ನು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆಯೇ ಇಲ್ಲದೆ ಕಚ್ಚುತ್ತದೆ.

ಇನ್ನೊಂದು, ಹಿಂದೆಂದೂ ಹೀಗೆ ಮಾಡದ ನಾಯಿಯಾಗಿದ್ದರೆ ಪಶುವೈದ್ಯರಿಗೆ ಒಮ್ಮೆ ತೋರಿಸಿ. ಕಿವಿ ನೋವಿದ್ದರೂ ತಲೆ ಮುಟ್ಟಗೊಡುವುದಿಲ್ಲ. ಬಾಲ ದಿಢೀರನೆ ಜೋತುಬಿದ್ದು ಎತ್ತಲಾಗದಿದ್ದರೆ ಅದು ಬೇಜಾರಲ್ಲ, ನೋವು. ಜಾಸ್ತಿ ಓಡಿದ ಅಥವಾ ತಣ್ಣೀರಲ್ಲಿ ಈಜಿದ ಮರುದಿನ ಹೀಗಾಗುವುದುಂಟು.

ಮುಂದಿನ ಸಲ ಯಾರಾದರೂ ಬಂದಾಗ ಫೋನಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ ಇಲ್ಲಿ ಹಾಕಿ. ಒಟ್ಟಿಗೆ ನೋಡೋಣ.