ಜ್ವರ ಎಷ್ಟೇರಿದರೆ ವೈದ್ಯರ ಬಳಿ ಹೋಗಬೇಕು?

ಪ್ರಶ್ನೆ: ನಾಲ್ಕು ವರ್ಷದ ನಮ್ಮ ಮಗಳಿಗೆ ಒಂದು ರಾತ್ರಿ 103.5 ಡಿಗ್ರಿ ಜ್ವರ ಬಂದಾಗ ಗಾಬರಿಯಿಂದ ಆಸ್ಪತ್ರೆಗೆ ಧಾವಿಸಿದೆವು. ವೈದ್ಯರು ಪರೀಕ್ಷಿಸಿ, ಇದು ವೈರಾಣು ಜ್ವರ, ಮನೆಯಲ್ಲೇ ಆರೈಕೆ ಮಾಡಿದರೆ ಸಾಕು ಎಂದು ಕಳುಹಿಸಿದರು. ಎರಡು ತಿಂಗಳ ನಂತರ 76 ವರ್ಷದ ನನ್ನ ತಂದೆಯವರಿಗೆ ಜ್ವರ ಬಂತು. 100 ಡಿಗ್ರಿ ಮಾತ್ರವಿದ್ದುದರಿಂದ ಬೆಳಗಾಗಲಿ ಎಂದು ಕಾದೆವು. ಬೆಳಗಾಗುವಷ್ಟರಲ್ಲಿ ಅವರು ಸಂಬಂಧವಿಲ್ಲದ ಮಾತುಗಳನ್ನಾಡತೊಡಗಿದ್ದರು. ನ್ಯುಮೋನಿಯಾ ಎಂದು ತಿಳಿದು ಎಂಟು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಹಾಗಾದರೆ ಎಷ್ಟು ಡಿಗ್ರಿಗೆ ಭಯಪಡಬೇಕು?

ಉತ್ತರ: ಮಗಳನ್ನು ಕರೆದೊಯ್ದುದು ತಪ್ಪಾಗಲಿಲ್ಲ, ತಂದೆಯವರ ವಿಷಯದಲ್ಲಿ ನಿಮ್ಮನ್ನು ದಾರಿ ತಪ್ಪಿಸಿದ್ದು ಆ 100 ಎಂಬ ಅಂಕಿ. ಎಲ್ಲ ವಯಸ್ಸಿನವರಿಗೂ ಒಂದೇ ಗಡಿರೇಖೆ ಇರಬೇಕೆಂದು ನಾವು ಬಯಸುತ್ತೇವೆ, ಆದರೆ ದೇಹ ಹಾಗೆ ನಡೆದುಕೊಳ್ಳುವುದಿಲ್ಲ.

37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಡಿಗ್ರಿ ಫ್ಯಾರನ್‌ಹೀಟ್, ಸಹಜ ತಾಪಮಾನ ಎಂಬ ಮಾತನ್ನು ಪ್ರಚಾರಕ್ಕೆ ತಂದವರು ಜರ್ಮನಿಯ ವೈದ್ಯ ಕಾರ್ಲ್ ವುಂಡರ್ಲಿಶ್. ಅವರ ಗ್ರಂಥ ಪ್ರಕಟವಾದದ್ದು 1868ರಲ್ಲಿ. ವಾಸ್ತವದಲ್ಲಿ ಮೈಬಿಸಿ ನಸುಕಿನಲ್ಲಿ ಇಳಿದು ಸಂಜೆಗೆ ಏರುತ್ತದೆ, ವ್ಯಕ್ತಿಯಿಂದ ವ್ಯಕ್ತಿಗೂ ಬದಲಾಗುತ್ತದೆ. ಸಾಮಾನ್ಯವಾಗಿ 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಮುಟ್ಟಿದರೆ ಅದನ್ನು ಜ್ವರ ಎನ್ನುತ್ತೇವೆ. ಕಂಕುಳಲ್ಲಿ ಅಳೆದಾಗ ನಿಜವಾದ ಒಳತಾಪಕ್ಕಿಂತ ಕಡಿಮೆ ತೋರಿಸುವುದೇ ಹೆಚ್ಚು ಎಂಬುದನ್ನೂ ನೆನಪಿಡಬೇಕು. ವಯಸ್ಸಾದವರ ಸಹಜ ತಾಪಮಾನವೇ ಕಡಿಮೆಯಿರುತ್ತದೆ ಮತ್ತು ಸೋಂಕಿಗೆ ಅವರ ದೇಹ ಬಿಸಿಯೇರಿಸುವ ಶಕ್ತಿಯೂ ಕುಂದಿರುತ್ತದೆ. ಆದ್ದರಿಂದ ಅವರಲ್ಲಿ ಎಂದಿಗಿಂತ 2 ಡಿಗ್ರಿ ಫ್ಯಾರನ್‌ಹೀಟ್ ಏರಿದರೂ ಅದನ್ನು ಜ್ವರವೆಂದೇ ಎಣಿಸಬೇಕು. ನಿಮ್ಮ ತಂದೆಯವರಿಗೆ ಬಂದ 100 ಡಿಗ್ರಿ ಅಲ್ಪ ಜ್ವರವಾಗಿರಲಿಲ್ಲ.

ಹಾಗೆಂದು ಥರ್ಮಾಮೀಟರ್ ನಿಷ್ಪ್ರಯೋಜಕ ಎಂದಲ್ಲ. ಕೆಲವರ ವಿಷಯದಲ್ಲಿ ಅಂಕಿಯೊಂದೇ ಸಾಕು, ಬೇರೆ ಲಕ್ಷಣಕ್ಕಾಗಿ ಕಾಯಲೇಬಾರದು. ಮೂರು ತಿಂಗಳು ತುಂಬದ ಶಿಶುವಿಗೆ 100.4 ಡಿಗ್ರಿ ಇದ್ದರೆ, ಮಗು ನಗುತ್ತಿದ್ದರೂ ಎದೆಹಾಲು ಕುಡಿಯುತ್ತಿದ್ದರೂ, ಆ ಹೊತ್ತಿನಲ್ಲೇ ವೈದ್ಯರಿಗೆ ತೋರಿಸಬೇಕು; ಮನೆಯಲ್ಲಿ ಔಷಧಿ ಕೊಟ್ಟು ಕಾದು ನೋಡುವುದು ಇಲ್ಲಿ ಸಲ್ಲದು. ಅಷ್ಟು ಎಳೆಯ ಮಗುವಿನ ಮೈ ತಣ್ಣಗಾಗಿ 96.8 ಡಿಗ್ರಿಗಿಂತ ಕೆಳಗಿಳಿದರೂ ಅದು ಅಷ್ಟೇ ಅಪಾಯಕರ. ಮೂರರಿಂದ ಆರು ತಿಂಗಳ ಮಗುವಿಗೆ 102.2 ಡಿಗ್ರಿ ಬಂದರೂ ತಡ ಮಾಡಬಾರದು. ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಗುಲ್ಮವನ್ನು ತೆಗೆಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುತ್ತಿರುವವರು, ಇವರಿಗೆಲ್ಲ 100.4 ಡಿಗ್ರಿ ಎಂದರೆ ರಾತ್ರಿಯಾಗಲಿ ಹಗಲಾಗಲಿ ತುರ್ತು ಪರಿಸ್ಥಿತಿಯೇ, ಏಕೆಂದರೆ ಸೋಂಕು ರಕ್ತಕ್ಕೆ ಹಬ್ಬಿ ನಂಜಾಗಲು ಕೆಲವೇ ಗಂಟೆಗಳು ಸಾಕು. ಗರ್ಭಿಣಿಯರೂ ಜ್ವರ ಬಂದ ದಿನವೇ ತಮ್ಮ ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಉಳಿದವರಲ್ಲಿ ಅಂಕಿಗಿಂತ ಹೆಚ್ಚಾಗಿ ವ್ಯಕ್ತಿಯನ್ನೇ ನೋಡಬೇಕು. 104 ಡಿಗ್ರಿ ಏರಿದಾಗ ಎಂತಹ ಮಗುವೂ ಬಾಡಿ ಮಲಗುತ್ತದೆ. ಆ ಸ್ಥಿತಿಯಲ್ಲಿ ನೋಡಿ ತೀರ್ಮಾನಿಸುವುದು ಕಷ್ಟ. ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಟ್ಟು, ಒಂದು ಗಂಟೆಯ ನಂತರ ಮತ್ತೆ ನೋಡಿ. ಜ್ವರ ಪೂರ್ತಿ ಇಳಿಯದಿದ್ದರೂ, ಮಗು ಎದ್ದು ಕುಳಿತು ನೀರು ಕೇಳಿದರೆ, ನಿಮ್ಮ ಮುಖ ನೋಡಿ ಮಾತನಾಡಿದರೆ, ಆಟಿಕೆಯತ್ತ ಕೈ ಚಾಚಿದರೆ, ಬೆಳಗಿನವರೆಗೆ ಕಾಯಲು ಅಡ್ಡಿಯಿಲ್ಲ. ಜ್ವರ ಇಳಿದರೂ ಮಗು ಮಂಕಾಗಿಯೇ ಇದ್ದು, ಎಬ್ಬಿಸಿದರೆ ಎಚ್ಚರಗೊಳ್ಳದೆ, ಸಮಾಧಾನವಾಗದಂತೆ ನರಳುತ್ತಿದ್ದರೆ, ಥರ್ಮಾಮೀಟರ್ 101 ತೋರಿಸಿದರೂ ಹೊರಡಿ. ಔಷಧಿಗೆ ಜ್ವರ ಇಳಿಯಿತು ಎಂಬುದರಿಂದ ಕಾಯಿಲೆ ಸಣ್ಣದೆಂದು ಖಚಿತವಾಗುವುದಿಲ್ಲ. ಗಂಭೀರ ಸೋಂಕಿನಲ್ಲೂ ಅದು ಇಳಿಯಬಹುದು.

ವಯಸ್ಸು ಯಾವುದೇ ಇರಲಿ, ಜ್ವರದೊಂದಿಗೆ ಉಸಿರಾಟ ವೇಗವಾಗಿ ಪಕ್ಕೆಲುಬುಗಳ ನಡುವೆ ಚರ್ಮ ಒಳಸೆಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಕುತ್ತಿಗೆ ಸೆಟೆದು ತಲೆ ಬಗ್ಗಿಸಲಾಗದಿದ್ದರೆ, ಬೆಳಕು ನೋಡಲಾಗದಷ್ಟು ತಲೆನೋವಿದ್ದರೆ, ಗಾಜಿನ ಲೋಟ ಒತ್ತಿ ನೋಡಿದರೂ ಮಾಯವಾಗದ ಕೆಂಪು-ನೇರಳೆ ಚುಕ್ಕೆಗಳು ಮೈಮೇಲೆ ಕಂಡರೆ, ವಾಂತಿ ನಿಲ್ಲದಿದ್ದರೆ, ಅಥವಾ ನಿಮ್ಮ ತಂದೆಯವರಂತೆ ಮಾತು ಅಸಂಬದ್ಧವಾದರೆ, ಆಂಬ್ಯುಲೆನ್ಸ್ ಕರೆಯಲು ಹಿಂಜರಿಯಬೇಡಿ. ಎಂಟು ಗಂಟೆಗಳಾದರೂ ಮೂತ್ರ ವಿಸರ್ಜಿಸದ, ಅತ್ತರೂ ಕಣ್ಣೀರು ಬಾರದ ಮಗುವಿನ ದೇಹದಲ್ಲಿ ನೀರಿನಂಶ ಕುಗ್ಗಿದೆಯೆಂದು ತಿಳಿದು ಅಂದೇ ತೋರಿಸಬೇಕು. ವಯಸ್ಕರಿಗೆ 103 ಡಿಗ್ರಿ ಮೀರಿದರೂ, ಯಾರಿಗೇ ಆಗಲಿ ಮೂರು ದಿನಕ್ಕೂ ಜ್ವರ ಬಿಡದಿದ್ದರೂ, ಬಿಟ್ಟ ಜ್ವರ ಮರಳಿ ಬಂದರೂ ಪರೀಕ್ಷೆ ಅಗತ್ಯ. ಮಲೇರಿಯಾ ಇರುವ ಪ್ರದೇಶಕ್ಕೆ ಹೋಗಿಬಂದವರು ಆ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ಹೇಳಿ, ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.

ಡೆಂಗಿ ಹರಡುತ್ತಿರುವ ಕಡೆ ಇನ್ನೊಂದು ಎಚ್ಚರಿಕೆ ಬೇಕು, ಮತ್ತು ಇದನ್ನು ಮರೆಯುವುದರಿಂದಲೇ ಜೀವಗಳು ಹೋಗುತ್ತವೆ. ಅಲ್ಲಿ ಅಪಾಯದ ಅವಧಿ ಬರುವುದು ಜ್ವರ ಉತ್ತುಂಗದಲ್ಲಿರುವಾಗ ಅಲ್ಲ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿದು ಮನೆಯವರೆಲ್ಲ ನಿಟ್ಟುಸಿರು ಬಿಡುವ ಹೊತ್ತಿನಲ್ಲಿ. ಆಗ ತೀವ್ರ ಹೊಟ್ಟೆನೋವು, ಪದೇಪದೇ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಅತಿಯಾದ ನಿಶ್ಶಕ್ತಿ ಕಂಡರೆ ಒಂದು ಗಂಟೆಯನ್ನೂ ಕಳೆಯಬಾರದು.

ಪ್ರಶ್ನೆ: ಜ್ವರ 104 ದಾಟಿದರೆ ಮೆದುಳಿಗೆ ಹಾನಿಯಾಗುತ್ತದೆಯೇ? ಮಕ್ಕಳಿಗೆ ಫಿಟ್ಸ್ ಬಂದರೆ ಏನು ಮಾಡಬೇಕು?

ಉತ್ತರ: ಸೋಂಕು ತಗುಲಿದಾಗ ಮೆದುಳಿನ ಹೈಪೊಥಲಾಮಸ್ ಎಂಬ ಭಾಗವೇ ದೇಹದ ತಾಪಮಾನವನ್ನು ಮೇಲಿನ ಮಟ್ಟಕ್ಕೆ ನಿಗದಿಪಡಿಸುತ್ತದೆ, ಆ ಮಟ್ಟ ತಲುಪಲು ದೇಹ ನಡುಗುತ್ತದೆ, ಕೆಳಗಿಳಿಯಲು ಬೆವರುತ್ತದೆ. ಹತೋಟಿ ಕೈಬಿಟ್ಟಿರುವುದಿಲ್ಲವಾದ್ದರಿಂದ, ಸೋಂಕಿನ ಜ್ವರ ಮೆದುಳಿಗೆ ಹಾನಿ ಮಾಡುವಷ್ಟು, ಅಂದರೆ ಸುಮಾರು 107.6 ಡಿಗ್ರಿಯವರೆಗೆ, ಏರುವುದು ತೀರಾ ಅಪರೂಪ. ಬಿಸಿಲಾಘಾತದ ಮಾತು ಬೇರೆ. ಅಲ್ಲಿ ಹತೋಟಿಯೇ ತಪ್ಪಿರುತ್ತದೆ, ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಆಂಬ್ಯುಲೆನ್ಸ್ ಕರೆದು, ಅದು ಬರುವವರೆಗೂ ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಲೇ ಇರಬೇಕು.

ಜ್ವರದ ಫಿಟ್ಸ್ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬರುತ್ತದೆ. ನೋಡಿದವರ ಎದೆ ಒಡೆಯುವಂತಿದ್ದರೂ, ಬಹುಪಾಲು ಐದು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ ಮತ್ತು ಮೆದುಳಿಗೆ ಕುಂದು ತರುವುದಿಲ್ಲ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ, ಬಾಯಿಗೆ ಚಮಚ, ನೀರು, ಔಷಧಿ ಏನನ್ನೂ ಹಾಕಬೇಡಿ. ಐದು ನಿಮಿಷ ಮೀರಿದರೆ ಆಂಬ್ಯುಲೆನ್ಸ್ ಬೇಕು. ಬೇಗ ನಿಂತರೂ, ಮೊದಲ ಸಲವಾದರೆ ಆಗಲೇ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ಜ್ವರ ಬೇಗ ಇಳಿಯಲೆಂದು ತಣ್ಣೀರು ಪಟ್ಟಿ ಹಾಕಿ, ಎರಡು ಬಗೆಯ ಔಷಧಿಗಳನ್ನು ಸೇರಿಸಿ ಕೊಡಬಹುದೇ?

ಉತ್ತರ: ಬೇಡ. ತೀರಾ ತಣ್ಣನೆಯ ನೀರು ನಡುಕ ಹುಟ್ಟಿಸಿ ಒಳತಾಪವನ್ನು ಇನ್ನಷ್ಟು ಏರಿಸಬಹುದು. ಮಕ್ಕಳಿಗೆ ಪ್ಯಾರಾಸಿಟಮಾಲ್ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲ ಮೀರದಂತೆ ಸಾಕು. ಹನಿ ಔಷಧಿ ಸಿರಪ್‌ಗಿಂತ ಗಾಢವಾಗಿರುವುದರಿಂದ, ಎಷ್ಟು ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ಬಾಟಲಿಯ ಮೇಲೆ ಓದಿಯೇ ಅಳೆಯಿರಿ. ವಯಸ್ಕರು ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ, ಮತ್ತು ಅನೇಕ ಶೀತದ ಮಾತ್ರೆಗಳಲ್ಲೂ ಇದೇ ಔಷಧಿ ಸೇರಿರುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಡೆಂಗಿಯ ಸಂಶಯವಿದ್ದರೆ ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಎರಡೂ ಯಾರಿಗೂ ಸಲ್ಲವು. ಕೊಟ್ಟ ಔಷಧಿ, ಪ್ರಮಾಣ, ಸಮಯ ಮತ್ತು ಆಗಿದ್ದ ಜ್ವರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದರೆ, ಪರೀಕ್ಷಿಸುವ ವೈದ್ಯರಿಗೆ ಅರ್ಧ ಕೆಲಸ ಹಗುರವಾಗುತ್ತದೆ.