ಕ್ಯೋಟೊದ ಕುಂಬಾರರ ಮನೆಯಲ್ಲಿ ಉಳಿದಿರುವ ಆವಿಗೆ

ಪ್ರಶ್ನೆ: ಮಗಳು ಜಪಾನಿನ ಒಸಾಕಾದಲ್ಲಿರುವುದರಿಂದ ನಾನೂ ನನ್ನ ಪತ್ನಿಯೂ ಈ ಸಲ ಅಲ್ಲಿಗೆ ಹೊರಟಿದ್ದೇವೆ. ನಮ್ಮದು ಕುಂಬಾರಿಕೆಯ ಮನೆತನ; ಅಜ್ಜ ಸುಡುತ್ತಿದ್ದ ಆವಿಗೆಯ ಗುರುತೂ ಈಗ ಊರಿನಲ್ಲಿ ಉಳಿದಿಲ್ಲ. ಕ್ಯೋಟೊ ನಗರದಲ್ಲಿ ಹೆಸರಾಂತ ಕುಂಬಾರರೊಬ್ಬರ ಆವಿಗೆಯನ್ನು ಹಾಗೆಯೇ ಕಾಪಾಡಿದ್ದಾರೆಂದು ಕೇಳಿದ್ದೇವೆ. ಅದನ್ನು ನೋಡಲು ಅವಕಾಶವಿದೆಯೆ? ಅಲ್ಲಿ ಮುಖ್ಯವಾಗಿ ಏನನ್ನು ಗಮನಿಸಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ಅವಶ್ಯವಾಗಿ ನೋಡಬಹುದು. ನೀವು ಕೇಳಿರುವುದು ಕವಾಯ್ ಕಾಂಜಿರೊ ಅವರ ಮನೆಯ ವಿಷಯ. ಶಿಮಾನೆ ಪ್ರಾಂತ್ಯದ ಯಾಸುಗಿಯಲ್ಲಿ 1890ರಲ್ಲಿ ಹುಟ್ಟಿದ ಕವಾಯ್, 1920ರಲ್ಲಿ ಕ್ಯೋಟೊದ ಕುಂಬಾರರ ಬಡಾವಣೆಯಾದ ಗೊಜೊಜಾಕಾದಲ್ಲಿ ಆವಿಗೆಯೊಂದನ್ನು ಪಡೆದು, 1966ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ದುಡಿದರು. ಈಗಿರುವ ಮನೆಯನ್ನು 1937ರಲ್ಲಿ ತಾವೇ ರೂಪಿಸಿ ಕಟ್ಟಿಸಿದರು. 1973ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಬಂದವರಲ್ಲಿ ಅನೇಕರು ಮುಂಭಾಗದ ಕೋಣೆಗಳಲ್ಲಿಯೇ ಹೊತ್ತು ಕಳೆದು ಹಿತ್ತಲಿನ ಆವಿಗೆಯನ್ನು ಅವಸರದಲ್ಲಿ ನೋಡಿ ಹೊರಡುತ್ತಾರೆ. ಕುಂಬಾರರ ಮನೆಯವರಾದ ನೀವು ಮೊದಲು ಹಿತ್ತಲಿಗೇ ಹೋಗಬೇಕೆಂಬುದು ನನ್ನ ಸಲಹೆ.

ಅಲ್ಲಿರುವುದು ನೊಬೊರಿಗಾಮಾ, ಅಂದರೆ ಇಳಿಜಾರಿನ ಮೇಲೆ ಒಂದರ ಹಿಂದೊಂದು ಏರುತ್ತ ಹೋಗುವ ಎಂಟು ಕೋಣೆಗಳ ಆವಿಗೆ. ನಮ್ಮ ಹಳ್ಳಿಗಳಲ್ಲಿ ಮಡಕೆಗಳನ್ನು ಒಟ್ಟಿ, ಹುಲ್ಲು, ಬೆರಣಿ, ಸೌದೆಗಳಿಂದ ಮುಚ್ಚಿ ಒಮ್ಮೆಲೇ ಸುಡುವ ಕ್ರಮಕ್ಕೂ ಇದಕ್ಕೂ ಬಹಳ ಅಂತರವಿದೆ. ಇಲ್ಲಿ ತಳದ ಒಲೆಯಲ್ಲಿ ಹೊತ್ತಿಸಿದ ಬೆಂಕಿಯು ಮೊದಲ ಕೋಣೆಯನ್ನು ಕಾಯಿಸಿ, ನಡುಗೋಡೆಯ ಬುಡದಲ್ಲಿರುವ ಕಂಡಿಗಳ ಮೂಲಕ ಮೇಲಿನ ಕೋಣೆಗೆ ನುಗ್ಗುತ್ತದೆ. ಕೆಳಗಿನದು ಬೇಯುವಷ್ಟರಲ್ಲಿ ಮೇಲಿನದು ಅರ್ಧ ಕಾದಿರುವುದರಿಂದ, ಅದಕ್ಕೆ ಪಕ್ಕದ ಬಾಯಿಯಿಂದ ಸೌದೆ ಹಾಕಿ ಶಾಖವನ್ನು ಏರಿಸಿದರೆ ಸಾಕು. ಹೀಗೆ ಒಂದು ಕೋಣೆಯ ಬಿಸಿ ಮುಂದಿನದಕ್ಕೆ ವ್ಯರ್ಥವಾಗದೆ ಸಲ್ಲುತ್ತದೆ. ಗಾಜಿನಂತಹ ಹೊಳಪು ಲೇಪ ಕರಗಲು ಬೇಕಾದ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಬರಿಯ ಸೌದೆಯಿಂದ ಪಡೆಯಲು ಈ ರಚನೆ ನೆರವಾಗುತ್ತಿತ್ತು. ಬಾಗಿಲಿನ ಬಳಿ ಬಗ್ಗಿ ಒಳಗೋಡೆಯನ್ನು ನಿಧಾನವಾಗಿ ನೋಡಿರಿ. ಹಾರಿಬಂದ ಬೂದಿಯು ಇಟ್ಟಿಗೆಯ ಮೇಲೆ ಕರಗಿ, ಸುಡುವಿಕೆಯಿಂದ ಸುಡುವಿಕೆಗೆ ಪದರಗಟ್ಟಿ ಹೊಳೆಯುತ್ತದೆ. ಅದು ಯಾರೂ ಬಳಿದ ಲೇಪವಲ್ಲ.

ಇನ್ನೊಂದು ವಿಷಯವನ್ನು ನೀವು ತಿಳಿದಿರಲೇಬೇಕು. ಈ ಆವಿಗೆ ಕವಾಯ್ ಒಬ್ಬರದಾಗಿರಲಿಲ್ಲ. ಸುತ್ತಲಿನ ಸುಮಾರು ಇಪ್ಪತ್ತು ಕುಂಬಾರ ಮನೆಗಳು ಕೋಣೆಗಳನ್ನು ಹಂಚಿಕೊಂಡು ಒಟ್ಟಾಗಿ ಸುಡುತ್ತಿದ್ದವು. ಕವಾಯ್ ಅವರಿಗೆ ಮುಂದಿನಿಂದ ಎರಡನೆಯ ಕೋಣೆ ಅಚ್ಚುಮೆಚ್ಚಿನದಾಗಿತ್ತು. ಚಿಂತಕ ಯಾನಾಗಿ ಸೊಯೆತ್ಸು, ಕುಂಬಾರ ಹಮಾದಾ ಶೋಜಿ ಅವರೊಡನೆ ಜನಸಾಮಾನ್ಯರ ಕರಕುಶಲತೆಗೆ ಗೌರವ ತಂದ ಮಿಂಗೇ ಚಳವಳಿಯನ್ನು ಕಟ್ಟಿದವರು ಅವರು. ಆ ಬಳಿಕ ತಮ್ಮ ಪಾತ್ರೆಗಳಿಗೆ ಹೆಸರನ್ನೂ ಹಾಕದಾದರು, ‘ಜೀವಂತ ರಾಷ್ಟ್ರೀಯ ನಿಧಿ’ ಎಂಬ ಸರ್ಕಾರಿ ಗೌರವವನ್ನೂ ಒಲ್ಲೆನೆಂದರು. ನೆರೆಹೊರೆಯವರ ಮಡಕೆಗಳ ಜೊತೆಯಲ್ಲೇ ತಮ್ಮವೂ ಬೇಯುತ್ತಿದ್ದ ಈ ಆವಿಗೆಯೆದುರು ನಿಂತರೆ ಆ ನಿಲುವು ನನಗೆ ಇನ್ನಷ್ಟು ಸಹಜವಾಗಿ ಕಾಣುತ್ತದೆ.

ನಗರದ ನಡುವೆ ಹೊಗೆ ಉಗುಳುವ ಆವಿಗೆಗಳಿಗೆ ವಾಯುಮಾಲಿನ್ಯದ ನಿಯಮಗಳು ಅಡ್ಡಬಂದು, 1971ರ ಸುಮಾರಿಗೆ ಇಲ್ಲಿಯ ಬೆಂಕಿ ನಿಂತಿತು. ನಿಯಮ ಸರಿಯಾದದ್ದೇ; ಆದರೆ ಸುಡುವುದು ನಿಂತ ಮೇಲೂ ಆವಿಗೆಯನ್ನು ಕೆಡವದೆ ಉಳಿಸಿಕೊಂಡ ಕುಟುಂಬದವರಿಗೆ ನಾವು ಋಣಿಗಳಾಗಿರಬೇಕು.

ಕೇಹಾನ್ ರೈಲು ಮಾರ್ಗದ ಕಿಯೊಮಿಜು-ಗೊಜೊ ನಿಲ್ದಾಣದಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆ. ಒಸಾಕಾದಿಂದಲೂ ಅದೇ ಮಾರ್ಗದಲ್ಲಿ ಬರಬಹುದು. ಸೋಮವಾರ ರಜೆ, ಆಗಸ್ಟ್ ಮಧ್ಯದಲ್ಲಿಯೂ ವರ್ಷಾಂತ್ಯದಲ್ಲಿಯೂ ಕೆಲವು ದಿನ ಮುಚ್ಚಿರುತ್ತದೆ. ಮನೆಯೊಳಗೆ ಪಾದರಕ್ಷೆ ಬಿಟ್ಟು ಓಡಾಡಬೇಕಾಗಿರುವುದರಿಂದ ಸುಲಭವಾಗಿ ಕಳಚುವಂತಹವನ್ನು ಧರಿಸಿ ಹೋಗಿರಿ.