ಪಿಗ್ಮಿ ಹಣ ನುಂಗಿದವನು ಸಂಗ್ರಾಹಕ, ಸೊಸೈಟಿಗೆ ಹೊಣೆ ಇಲ್ಲವೇ?

ದಾವಣಗೆರೆಯಲ್ಲಿ ಅಂಗಡಿ ನಡೆಸುವ ನಿಮ್ಮ ತಾಯಿಯ ಪಿಗ್ಮಿ ಹಣದೊಂದಿಗೆ ಸಂಗ್ರಾಹಕ ಪರಾರಿಯಾಗಿದ್ದಾನೆ, ಸೊಸೈಟಿಯವರು "ಅವನು ಬರೀ ಕಮಿಷನ್ ಏಜೆಂಟ್, ನಮಗೆ ಸಂಬಂಧವಿಲ್ಲ" ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಆ ಮಾತಿಗೆ ಮಣಿಯಬೇಡಿ.

ಕಾನೂನು ಮುಖ್ಯವಾಗಿ ನೋಡುವುದು, ವಂಚನೆ ಅವನಿಗೆ ವಹಿಸಿದ ಕೆಲಸದ ಭಾಗವಾಗಿಯೇ ನಡೆಯಿತೇ ಎಂಬುದನ್ನು. ಅಂಗಡಿಗೆ ಬಂದು ಹಣ ಪಡೆಯುವುದೇ ಅವನ ಕೆಲಸವಾಗಿತ್ತಲ್ಲ! ಹಾಗಿದ್ದಾಗ ಅವನು ತನ್ನ ಜೇಬಿಗಾಗಿಯೇ ಮೋಸ ಮಾಡಿದ್ದರೂ ಸೊಸೈಟಿ ಹೊಣೆಯಿಂದ ನುಣುಚಿಕೊಳ್ಳುವುದು ಕಷ್ಟ. ಏಜೆಂಟ್ ಎಂದೇ ಇಟ್ಟುಕೊಳ್ಳಿ. 1872ರ ಕರಾರು ಕಾಯಿದೆಯ 238ನೇ ಕಲಂ ಪ್ರಕಾರ ವ್ಯವಹಾರದ ನಡುವೆ ಏಜೆಂಟ್ ಮಾಡಿದ ವಂಚನೆ ಅವನನ್ನು ನೇಮಿಸಿದವರಿಗೂ ತಟ್ಟುತ್ತದೆ.

ಒಂದು ತೊಡಕು ಮಾತ್ರ ಇದೆ. ಸ್ಟೇಟ್ ಬ್ಯಾಂಕಿನ ಪ್ರಕರಣವೊಂದರಲ್ಲಿ ಗ್ರಾಹಕಿಯೊಬ್ಬರು ನೆರೆಮನೆಯವನೂ ಗಂಡನ ಸ್ನೇಹಿತನೂ ಆಗಿದ್ದ ಬ್ಯಾಂಕ್ ನೌಕರನ ಕೈಗೆ, ರಸೀದಿ ಪಡೆಯದೆ, ಹಣ ಕೊಟ್ಟಿದ್ದರು. ಅದು ಸ್ನೇಹದ ವ್ಯವಹಾರ, ಬ್ಯಾಂಕಿನ ಕೆಲಸವಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕನ್ನು ಹೊಣೆಯಿಂದ ಬಿಡಿಸಿತು. ಆದ್ದರಿಂದ ತಾಯಿಯ ಪಾಸ್‌ಬುಕ್, ರಸೀದಿ, ಮೊಬೈಲ್ ಸಂದೇಶಗಳು ನಿಮಗೆ ಪ್ರಾಣವಿದ್ದಂತೆ. ಮೂಲ ಪ್ರತಿಗಳನ್ನು ಸೊಸೈಟಿಯವರ ಕೈಗೆ ಕೊಡಲೇಬೇಡಿ.

ಮೊದಲು ಲಿಖಿತ ನೋಟಿಸ್ ಕಳುಹಿಸಿ, ಸಂಗ್ರಾಹಕನ ಮೇಲೆ ಪೊಲೀಸ್ ದೂರನ್ನೂ ಕೊಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷಗಳ ಅವಧಿ ಇದೆ.